ಬೇಯದ ಬೇಳೆಗೆ ಪಾರ್ವತೆವ್ವ ತೀರಿಸಿಕೊಂಡ ಸೇಡು

ಪಾರ್ವತೆವ್ವನ ಕೈಯ ಹೂರಣ ಅಂದರೆ ರೋಣದ ಸುತ್ತಲಿನ ಏಳು ಊರಿಗೂ ಗೊತ್ತು. ಮದುವೆ ಮನೆಯವರು ಅಯ್ಯನವರ ಹತ್ತಿರ ದಿನ ಕೇಳುವ ಮೊದಲು ಆಕೆಯ ಹತ್ತಿರ ದಿನ ಕೇಳುತ್ತಿದ್ದರು. ಹೆಣ್ಣು ಒಪ್ಪಿದಳೋ ಇಲ್ಲವೋ, ಪಾರ್ವತೆವ್ವ ಒಪ್ಪಿದಳಾ ಅಂತ ಮೊದಲು ನೋಡುವುದು. ಅಂಥ ಹೆಂಗಸು ಅರವತ್ತೆಂಟನೆಯ ವಯಸ್ಸಿನಲ್ಲಿ, ನ್ಯೂವೆಗೈನ್ ಎಂಬ ಪರದೇಶದ ಊರಿನಲ್ಲಿ, ಯುಗಾದಿಯ ದಿನ ಅರವತ್ತು ಮಂದಿಯ ಎದುರು ತಲೆ ತಗ್ಗಿಸಿ ನಿಲ್ಲಬೇಕಾಯಿತು.

ಆಕೆ ಅಲ್ಲಿಗೆ ಹೋದದ್ದು ಮೂರು ತಿಂಗಳ ವೀಸಾದ ಮೇಲೆ, ಮಗ ಚೇತನ್ ಮತ್ತು ಸೊಸೆ ಸೌಜನ್ಯಾಳ ಮನೆಗೆ. ಸೊಸೆ ಬಂಗಾರದಂಥವಳು, ಅದನ್ನು ಹೇಳಲೇಬೇಕು. ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುವವಳು, ಆದರೂ ಅತ್ತೆಗೆ ಬೆಳಿಗ್ಗೆ ಎರಡು ಸಲ ಚಹಾ ಕೊಡದೆ ಮನೆ ಬಿಡುತ್ತಿರಲಿಲ್ಲ. ಆ ಚಹಾದ ಮೇಲೆ ಮಾತ್ರ ತೆಳ್ಳಗೆ ಏನೋ ಪೊರೆ ಕಟ್ಟುತ್ತಿತ್ತು. ಕೆಟಲಿನೊಳಗೆ ಇಣುಕಿದರೆ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ. ಸ್ನಾನದ ಮನೆಯ ಗಾಜಿನ ತುಂಬ ಕಲೆ, ಬಾಚಣಿಗೆಯ ತುಂಬ ಸೊಸೆಯ ಕೂದಲು. ಅಲ್ಲಿಯವರು ಆ ಬಿಳಿಗೆ ಕಾಲ್ಕ್ ಅನ್ನುತ್ತಾರೆ. ಎಲ್ಲರ ಮನೆಯಲ್ಲೂ ಇದ್ದದ್ದೇ ಎಂದು ಅಂಗಡಿಯಿಂದ ವಿನೆಗರಿನ ಬಾಟಲಿ ತಂದು ತಿಕ್ಕುತ್ತಾರೆ. ಪಾರ್ವತೆವ್ವ ಹುಣಸೆಹಣ್ಣಿನಿಂದ ತಿಕ್ಕಿದಳು.

ತಿಕ್ಕಿದಳೇ ಹೊರತು ಅನುಮಾನ ಪಡಲಿಲ್ಲ. ನೋಡಿ, ಆಕೆ ಸವಳು ನೀರಿನ ಊರಿನವಳು. ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂದು ಎರಡು ಹೊಲ ದಾಟಿ ಕೆರೆಯಿಂದ ಕೊಡ ಹೊತ್ತು ಸೊಂಟ ಉಳುಕಿಸಿಕೊಂಡವಳು. ಆದರೆ ಇಲ್ಲಿ ಮಗ ನಲ್ಲಿಗೇ ಲೋಟ ಒಡ್ಡಿ ಗಟಗಟ ಕುಡಿಯುತ್ತಾನೆ. ಇಷ್ಟು ತಿಳಿಯಾದ ಪರದೇಶದ ನೀರನ್ನು ಸವಳು ಎಂದುಕೊಳ್ಳಲು ಆಕೆಗೆ ಮನಸ್ಸೇ ಬರಲಿಲ್ಲ. ಆದ ತಪ್ಪು ಅದೊಂದೇ.

ಯುಗಾದಿಗೆ ಕನ್ನಡದವರ ಸಂಘದಿಂದ ಹೋಳಿಗೆಯ ಕೆಲಸ ಬಂತು. ದಿನದ ಬೇಳೆ ಸೊಸೆಯ ಕುಕ್ಕರಿನಲ್ಲಿ ಆಗುತ್ತಿತ್ತು, ಇದಕ್ಕೆ ಮಾತ್ರ ಆಕೆ ಮನೆಯಲ್ಲೇ ದೊಡ್ಡ ಪಾತ್ರೆಯಲ್ಲಿ ಕಡಲೆಬೇಳೆ ಇಟ್ಟಳು. ಕುಕ್ಕರಿನಲ್ಲಿ ಹಾಕಿದರೆ ಬೇಳೆ ಕರಗಿ ಕಟ್ಟು ಕೆಡುತ್ತದೆ, ಸಾರು ರುಚಿಯಾಗುವುದಿಲ್ಲ. ಒಂದು ತಾಸು ಕುದಿಯಿತು, ಎರಡಾಯಿತು, ಮೂರಾಯಿತು. ಬೇಳೆ ಹಿಚುಕಿದರೆ ನಡುವೆ ಕಲ್ಲು. ಸಮಯವಾಯಿತೆಂದು ಹಾಗೆಯೇ ಬೆಲ್ಲ ಹಾಕಿ ರುಬ್ಬಿದಳು. ಲಟ್ಟಿಸಿದ ಹೋಳಿಗೆಯೆಲ್ಲ ಹರಿದು, ಹೂರಣದ ಕಾಳು ಹೊರಗೆ ಇಣುಕಿತು.

ಸಂಘದ ಅಡುಗೆಯ ಉಸ್ತುವಾರಿ ಚಂದ್ರಪ್ರಭಾಳದು. ಬೆಂಗಳೂರಿನವಳು, ಹನ್ನೊಂದು ವರ್ಷದಿಂದ ಆ ದೇಶದಲ್ಲೇ ಕಾಪೆಲ್ಲೆ ಎಂಬ ಇನ್ನೊಂದು ಊರಿನಲ್ಲಿ ಮನೆ. ಪಾರ್ವತೆವ್ವ ಅನ್ನಲು ನಾಲಿಗೆ ಹೊರಳುವುದಿಲ್ಲವೆಂದು ಮೊದಲ ದಿನವೇ ಆಕೆಯನ್ನು ಪಾರ್ವತಮ್ಮ ಮಾಡಿಟ್ಟಿದ್ದಳು. ಅಂದು ಮೈಕು ಹಿಡಿದು ನಗುನಗುತ್ತಲೇ ಹೇಳಿದಳು: "ಪಾರ್ವತಮ್ಮನವರು ತುಂಬ ಪ್ರೀತಿಯಿಂದ ಮಾಡಿದಾರೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಹಲ್ಲು ಮಾತ್ರ ಜೋಪಾನ."

ಅರವತ್ತು ಮಂದಿಯೂ ನಕ್ಕರು. ಹೋಳಿಗೆಯ ತಟ್ಟೆಗಳು ಒಳಗೆ ಹೋಗಿ ಡಬ್ಬಿಯ ಜಾಮೂನು ಹೊರಗೆ ಬಂತು. ಪಾರ್ವತೆವ್ವ ಅಲ್ಲಿ ಅಳಲಿಲ್ಲ. ಮನೆಗೆ ಬಂದ ಮೇಲೂ ಅಳಲಿಲ್ಲ. ಇದನ್ನು ತೀರಿಸದೆ ವಿಮಾನ ಹತ್ತುವುದಿಲ್ಲ ಎಂದು ದೇವರ ಮುಂದೆ ನಿಂತು ಹೇಳಿಕೊಂಡಳು. ದೇವರಿಗೆ ಇಂಥದ್ದನ್ನೆಲ್ಲ ಹೇಳಬಾರದು ನಿಜ, ಆದರೆ ಆ ಊರಿನಲ್ಲಿ ಹೇಳಿಕೊಳ್ಳಲು ಆಕೆಗೆ ಇನ್ನಾರಿದ್ದರು?

ಗುಟ್ಟು ಬಯಲಾದದ್ದು ಬಾಲ್ಕನಿಯಲ್ಲಿ. ಮಳೆಗೆ ಬಕೀಟೊಂದು ತುಂಬಿ ನಿಂತಿತ್ತು, ಸುಮ್ಮನೆ ಚೆಲ್ಲುವುದೇಕೆಂದು ಅದರಲ್ಲೇ ಕುಪ್ಪಸ ಅದ್ದಿ ಸಾಬೂನು ಹಚ್ಚಿದಳು. ಮೊಣಕೈವರೆಗೆ ನೊರೆ ಎದ್ದಿತು. ನಲ್ಲಿಯ ನೀರಿನಲ್ಲಿ ಅದೇ ಸಾಬೂನು ಮೊಸರಿನ ಹಾಗೆ ಒಡೆಯುತ್ತಿತ್ತು. ಆಕೆ ಕುಪ್ಪಸ ಅಲ್ಲಿಯೇ ಬಿಟ್ಟು ಒಳಗೆ ಬಂದು, ಆಮೇಲೆ ಸ್ಟೀಲಿನ ಪಾತ್ರೆಯಲ್ಲಿ ಮಳೆನೀರು ಹಿಡಿದು, ಬಟ್ಟೆಯಲ್ಲಿ ಸೋಸಿ ಕಾಯಿಸಿದಳು. ಒಂದು ಹಿಡಿ ಬೇಳೆ ಅದರಲ್ಲಿ, ಒಂದು ಹಿಡಿ ನಲ್ಲಿಯ ನೀರಿನಲ್ಲಿ. ಮಳೆನೀರಿನದು ಮುಕ್ಕಾಲು ತಾಸಿಗೆ ಬೆಣ್ಣೆ. ನಲ್ಲಿಯದು ಕಲ್ಲು.

ಸಂಘದವರಿಗೆ ಹೇಳೋಣ, ಎಲ್ಲರಿಗೂ ಉಪಯೋಗವಾಗುತ್ತದೆ ಎಂದು ಸೌಜನ್ಯಾ ಅಂದಳು. ಯಾರಿಗಾದರೂ ಹೇಳಿದರೆ ನನ್ನಾಣೆ ಎಂದು ಅತ್ತೆ ಆಕೆಯ ಬಾಯಿ ಕಟ್ಟಿಹಾಕಿದಳು. ಯಾಕೆಂದರೆ ಆ ವಾರವೇ ಒಂದು ಸುದ್ದಿ ಬಂದಿತ್ತು. ಚಂದ್ರಪ್ರಭಾ ನ್ಯೂವೆಗೈನ್‌ನಲ್ಲಿ ಮನೆ ಕೊಂಡಿದ್ದಾಳೆ, ಇವರ ಮನೆಯಿಂದ ಎರಡೇ ಬೀದಿ ಆಚೆ, ಇದೇ ನೀರು. ಗೃಹಪ್ರವೇಶದ ಹೋಳಿಗೆ ತಾನೇ ಕೈಯಾರೆ ಮಾಡುತ್ತೇನೆ, ಹೋಳಿಗೆ ಅಂದರೆ ಹೇಗಿರುತ್ತದೆ ಅಂತ ಎಲ್ಲರೂ ನೋಡಲಿ ಎಂದು ಹೇಳಿಕೊಂಡು ತಿರುಗುತ್ತಿದ್ದಾಳೆ. ಕಾಪೆಲ್ಲೆಯ ನೀರು ಬೇರೆ, ಅಲ್ಲಿ ಆಕೆಯ ಬೇಳೆ ಎಂದೂ ಕೈ ಕೊಟ್ಟಿರಲಿಲ್ಲ. ನೀರನ್ನು ಅನುಮಾನಿಸಬೇಕೆಂದು ಆಕೆಗೆ ಹೊಳೆಯುವುದಾದರೂ ಹೇಗೆ?

ಗೃಹಪ್ರವೇಶ ಬಂದಾಗ ಪಾರ್ವತೆವ್ವನ ವೀಸಾ ಮುಗಿಯಲು ಹನ್ನೆರಡು ದಿನ ಉಳಿದಿತ್ತು. ಹಿಂದಿನ ದಿನ ಮಳೆನೀರಿನಲ್ಲಿ ಬೇಳೆ ಬೇಯಿಸಿ ಐವತ್ತು ಹೋಳಿಗೆ ತಟ್ಟಿ, ತುಪ್ಪ ಸವರಿ ಡಬ್ಬಿಗೆ ಹಾಕಿದಳು. ಆ ದಿನ ಇಳಕಲ್ ಸೀರೆ ಉಟ್ಟು ಹೊರಟಳು.

ಹೋಮ ಮುಗಿಯುವ ಹೊತ್ತಿಗೆ ಚಂದ್ರಪ್ರಭಾ ಆಕೆಯನ್ನು ಮೆಲ್ಲಗೆ ಅಡುಗೆಮನೆಗೆ ಕರೆದಳು. ಹಣೆಯ ಕುಂಕುಮ ಬೆವರಿಗೆ ಮೂಗಿನ ಮೇಲೆ ಇಳಿದಿತ್ತು. ಬೇಳೆ ಮೂರು ತಾಸಿನಿಂದ ಕುದಿಯುತ್ತಿದೆ, ಹೊರಗೆ ನಲವತ್ತು ಎಲೆ ಹಾಕಿದ್ದಾರೆ.

"ಪಾರ್ವತಮ್ಮ, ಯಾಕೆ ಹೀಗಾಗ್ತಿದೆ ಸ್ವಲ್ಪ ನೋಡ್ತೀರಾ?"

ಪಾರ್ವತೆವ್ವ ಸೌಟಿನಲ್ಲಿ ಎರಡು ಕಾಳು ಎತ್ತಿ ಹಿಚುಕಿದಳು. ಚಿಟಿಕೆ ಸೋಡಾ ಬಿದ್ದರೆ ಸಾಕು, ಅರ್ಧ ತಾಸಿನಲ್ಲಿ ಮೆತ್ತಗಾಗುತ್ತದೆ ಎಂದು ಯುಗಾದಿಯಾದ ಮೇಲೆ ಸೊಸೆ ಹೇಳಿಕೊಟ್ಟಿದ್ದಳು. ಸೋಡಾದ ಡಬ್ಬಿ ಎದುರಿನ ಕಪಾಟಿನಲ್ಲೇ ಕಾಣುತ್ತಿತ್ತು. ಬಾಗಿಲಲ್ಲಿ ನಿಂತ ಸೌಜನ್ಯಾ ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

"ಇನ್ನಷ್ಟು ನೀರು ಹಾಕಿ ಕುದಸ್ರಿ ಅಕ್ಕಾರ," ಎಂದಳು ಪಾರ್ವತೆವ್ವ. ಕೈಯಾರೆ ನಲ್ಲಿ ತಿರುಗಿಸಿ ಒಂದು ತಂಬಿಗೆ ತುಂಬಿ ತಾನೇ ಸುರಿದಳು.

ಊಟಕ್ಕೆ ಬಂದ ಹೋಳಿಗೆ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ. ಪಾಪ, ಜನ ಮರ್ಯಾದಸ್ಥರು. ಅಗಿದರು, ನುಂಗಿದರು, ನೀರು ಕುಡಿದರು. ಯಾರೋ ಮನೆಯ ಕಿಟಕಿಗಳು ಚೆನ್ನಾಗಿವೆ ಎಂದರು. ಆಗ ಪಾರ್ವತೆವ್ವ ಎದ್ದು ತನ್ನ ಡಬ್ಬಿ ತೆರೆದಳು. ಒಬ್ಬೊಬ್ಬರ ಎಲೆಗೂ ಬಗ್ಗಿ ಬಗ್ಗಿ ಬಡಿಸಿದಳು, ಸೊಂಟದ ನೋವು ಅಂದು ಎಲ್ಲಿ ಹೋಗಿತ್ತೋ. ಹೋಳಿಗೆ ಬಾಯಲ್ಲಿ ಕರಗುತ್ತಿದ್ದಂತೆ ಇನ್ನೊಂದು ಎಂದವರೆಷ್ಟು, ಯುಗಾದಿಯ ದಿನ ಏನಾಗಿತ್ತು ನಿಮಗೆ ಎಂದವರೆಷ್ಟು.

ಕೊನೆಗೆ ಉಳಿದವಳು ಚಂದ್ರಪ್ರಭಾ. ಪಾರ್ವತೆವ್ವ ಆಕೆಯನ್ನು ಅಡುಗೆಮನೆಗೇ ಹುಡುಕಿಕೊಂಡು ಹೋಗಿ ಕೈಗೊಂದು ಹೋಳಿಗೆ ಇಟ್ಟಳು. ಚಂದ್ರಪ್ರಭಾ ಒಂದು ತುತ್ತು ತಿಂದಳು. ಅಡುಗೆ ಬಲ್ಲ ಹೆಂಗಸು, ನಿಧಾನವಾಗಿ ಅಗಿದಳು, ಒಲೆಯ ಮೇಲಿನ ಪಾತ್ರೆ ನೋಡಿದಳು, ನಲ್ಲಿ ನೋಡಿದಳು.

"ಇದಕ್ಕೆ ಯಾವ ನೀರು ಹಾಕಿದ್ರಿ?"

"ಮಳಿ ನೀರು."

"ಆಗ ಇಲ್ಲಿ ನಿಂತಿದ್ರಲ್ಲ, ಆಗ್ಲೂ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತರಿ."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಅರವತ್ತು ಮಂದಿ ನಗೂಮುಂದ, ನನ್ನ ಬ್ಯಾಳಿ ಯಾಕ ಬೆಂದಿಲ್ಲ ಅಂತ ನೀವು ಕೇಳಿದ್ರೇನು?"

ಚಂದ್ರಪ್ರಭಾ ಕೈಯಲ್ಲಿದ್ದ ಅರ್ಧ ಹೋಳಿಗೆಯನ್ನು ಕೆಳಗಿಡಲೂ ಆಗದೆ ತಿನ್ನಲೂ ಆಗದೆ ನಿಂತಳು. ಸೌಜನ್ಯಾ ಹೊರಡೋಣ ಬನ್ನಿ ಎಂದು ಎರಡು ಸಲ ಕರೆದಳು. ಪಾರ್ವತೆವ್ವ ಕದಲಲಿಲ್ಲ. ಚಂದ್ರಪ್ರಭಾ ತಿಂದು ಮುಗಿಸುವವರೆಗೂ ಅಲ್ಲಿಯೇ, ಎದುರಿಗೇ ನಿಂತು ನೋಡಿದಳು.