ಕಾನಿನಲ್ಲಿ ಕೂಗಿದವರು

ಹುದುಲಿಗೆ ಬಿದ್ದವನು ನಾನೇ, ಯಾರೂ ನೂಕಲಿಲ್ಲ. ಎತ್ತಲು ಯಾರೂ ಬಾರದ ಹಾಗೆ ಮಾಡಿಕೊಂಡವನೂ ನಾನೇ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಉಳಿದವರನ್ನು ಅಣಕಿಸಲು ನನಗೆ ಸ್ವಲ್ಪ ಧೈರ್ಯ ಬರುತ್ತದೆ.

ಕನ್ನಡದ ಸೀಮೆಗಳೆಲ್ಲ ಸೇರಿ ಒಂದೇ ರಾಜ್ಯವಾದ ಮರುವರ್ಷವೋ ಅದರಾಚೆಯ ವರ್ಷವೋ ಇರಬೇಕು. ಶಿಕಾರಿಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಮತ್ತು ನಾನು ಉಳವಿಯ ಹತ್ತಿರದ ಸೋದರಮಾವನ ಮನೆಗೆ ಹೋಗಿದ್ದೆವು. ಗಲ್ಲಾಪೆಟ್ಟಿಗೆ ಬಿಟ್ಟು ಕದಲದ ಭಾವನಿಗೆ ಕಾನು ತೋರಿಸಲೇಬೇಕೆಂದು ಮಾವನಿಗೆ ಹಟ. ಕಾನು ಎಂದರೆ ಊರವರು ತಲೆಮಾರುಗಳಿಂದ ಕೊಡಲಿ ಹಾಕದೆ ಕಾಪಾಡಿಕೊಂಡು ಬಂದ ದಟ್ಟ ಕಾಡು. ಒಳಗೊಂದು ಕಾಲುದಾರಿ, ಅದು ಬಳಸಿ ಹೋಗುವ ಜವುಗು, ಜವುಗಿನಾಚೆ ಹಕ್ಕಿಗಳು ಇಳಿಯುವ ಕೆರೆ. ಅತ್ತೆಯೂ ಜೊತೆಗೆ ಹೊರಟರು.

ಕಾನಿನ ಬಾಯಲ್ಲಿ ಮಾವ ಎಲ್ಲರ ಚಪ್ಪಲಿ ಬಿಡಿಸಿದರು. ಆಮೇಲೆ ಭಾವನಿಗೆ, "ನೋಡಿ ಅಳಿಯಂದ್ರೇ, ಒಳಗೆ ಯಾರಾದ್ರೂ ಒಂದು ಸಲ ಕರೆದ್ರೆ ಓ ಅನ್ಬೇಡಿ. ದೆವ್ವ ಒಂದೇ ಸಲ ಕರೆಯೋದು. ಮನುಷ್ಯ ಆದ್ರೆ ಮೂರು ಸಲ ಕರೀತಾನೆ," ಎಂದರು.

"ಎರಡು ಸಲ ಕರೆದ್ರ?"

"ಮೂರನೇದಕ್ಕೆ ಕಾಯ್ರಿ."

ಈ ಮಾತು ನನ್ನ ಕಿವಿಗೆ ಬೀಳಬಾರದಿತ್ತು. ತಾಲ್ಲೂಕಿನ ಅಮಲ್ದಾರರ ಗದರಿಕೆಯಿಂದ ಹಿಡಿದು ಭಾವನ ಸೀನಿನವರೆಗೆ ಊರಿನ ಸದ್ದೆಲ್ಲ ಆಗ ನನ್ನ ಗಂಟಲಲ್ಲಿತ್ತು. ಒಂದು ಮರದ ಹಿಂದೆ ಉಳಿದು, ಅತ್ತೆಯ ದನಿಯಲ್ಲಿ "ಅಳಿಯಂದ್ರೇ" ಎಂದೆ, ಒಂದೇ ಸಲ. ಅತ್ತೆ ಭಾವನ ಪಕ್ಕದಲ್ಲೇ ಬಾಯ್ತುಂಬ ಎಲೆಯಡಿಕೆ ಇಟ್ಟುಕೊಂಡು ನಡೆಯುತ್ತಿದ್ದರು. ಭಾವ ಆ ಮುಚ್ಚಿದ ಬಾಯಿಯನ್ನೇ ನೋಡಿ, "ಶಿವ ಶಿವ" ಎಂದು ಪಂಚೆ ಎತ್ತಿ ಕಟ್ಟಿದರು. ಮೂವರೂ ಬಿರಬಿರನೆ ಮುಂದೆ ನಡೆದರು.

ಅವರಿಗಿಂತ ಮೊದಲು ಕೆರೆ ಸೇರಿ ಇನ್ನೊಮ್ಮೆ ಹೆದರಿಸೋಣವೆಂದು ನಾನು ದಾರಿ ಬಿಟ್ಟು ಹಸಿರು ಹುಲ್ಲಿನ ಮೇಲೆ ಹಾರಿದೆ. ಹುಲ್ಲಿನಡಿ ನೆಲ ಇರಲಿಲ್ಲ. ಮೊದಲು ಮೊಳಕಾಲವರೆಗೆ ಹುದುಲು. ಕಾಲು ಕಿತ್ತುಕೊಳ್ಳಲು ಹೋದಂತೆ ತೊಡೆಯವರೆಗೆ.

"ಭಾವಾ" ಎಂದೆ. ಉತ್ತರವಿಲ್ಲ. ನನ್ನ ದನಿಗೆ ಮನೆಯಲ್ಲೇ ಬೆಲೆಯಿಲ್ಲ, ಕಾಡಲ್ಲಿ ಎಲ್ಲಿಂದ ಬರಬೇಕು ಎಂದುಕೊಂಡು ಅಮಲ್ದಾರರ ದನಿಯಲ್ಲಿ, "ಯಾರ್ರೀ ಅಲ್ಲಿ, ಬನ್ರೀ ಇಲ್ಲಿ" ಎಂದು ಗದರಿದೆ. ಅದಕ್ಕೂ ಇಲ್ಲ. ಕೆಸರು ಸೊಂಟ ಮುಟ್ಟಿತು. ಹೆದರಿಕೆಯಲ್ಲಿ ತಲೆ ಓಡಲಿಲ್ಲ, ಗಂಟಲು ಓಡಿತು. ಮಾವ ಜನ್ಮದಲ್ಲಿ ಓಡಿ ಬಂದದ್ದು ಅವರಪ್ಪನ, ಅಂದರೆ ನನ್ನ ಅಜ್ಜನ, ಕೂಗಿಗೆ ಮಾತ್ರ. ಅಜ್ಜ ತೀರಿಕೊಂಡು ವರ್ಷಗಳಾಗಿದ್ದವೆಂಬುದು ಆ ಗಳಿಗೆಯಲ್ಲಿ ನೆನಪಿಗೇ ಬರಲಿಲ್ಲ. ಅಜ್ಜನ ದನಿಯಲ್ಲಿ "ಲೇ ತಮ್ಮಾ, ಬಾರೋ" ಎಂದೆ.

ಮಾವ ಓಡಿದರು. ಕೆರೆಯ ಕಡೆಗೆ.

ಅವರ ಲೆಕ್ಕದಲ್ಲಿ ಕಾನಿನ ದೆವ್ವಗಳೆಲ್ಲ ಸರದಿಯ ಮೇಲೆ ಒಂದೊಂದು ಸಲ ಕರೆಯುತ್ತಿದ್ದವು. ಬೇರೆ ದಾರಿಯಿಲ್ಲದೆ ನನ್ನದೇ ದನಿಯಲ್ಲಿ "ಭಾವಾ, ಭಾವಾ, ಭಾವಾ" ಎಂದು ಬಿಡದೆ ಅರಚಿದೆ. ಬಹಳ ಹೊತ್ತಿನ ಮೇಲೆ ಮೂವರೂ ಬಂದು ಪೊದೆಯಾಚೆ ನಿಂತು ಚರ್ಚೆಗಿಳಿದರು.

"ಮೂರು ಸಲ ಆಯ್ತಲ್ರೀ," ಎಂದರು ಮಾವ.

"ಆತ್ರೀ. ಆದ್ರ ಇದು ಅವನ ದನಿ ಅಲ್ಲ," ಎಂದರು ಭಾವ.

"ಅವನ ದನಿ ಮತ್ತೆ ಹೆಂಗಿರ್ತದೆ?" ಎಂದು ಅತ್ತೆ ಕೇಳಿದರು.

ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಅತ್ತೆಯೇ, "ಏ, ನೀನೇ ಹೌದಾದ್ರೆ ನಿಮ್ಮ ಭಾವನ ಹಂಗೆ ಒಂದು ಸೀನು ನೋಡಾಣ," ಎಂದರು.

ಸೊಂಟದವರೆಗೆ ಕೆಸರಲ್ಲಿ ನಿಂತು ಸೀನಿದೆ. ಮೊದಲು ಎರಡು ಸುಳ್ಳು ಸೀನು, ಆಮೇಲೆ ಗಲ್ಲಾಪೆಟ್ಟಿಗೆಯ ಮುಚ್ಚಳ ಬಿದ್ದಂಥದ್ದೊಂದು, ಅದರ ಬಾಲಕ್ಕೆ ಸಣ್ಣಗೆ "ಶಿವನೇ".

"ಇವನೇ," ಎಂದರು ಮಾವ, ಅತ್ತೆ ಒಟ್ಟಿಗೆ.

"ನಾನೇನು ಹಂಗ ಸೀನ್ತೀನೇನ್ರೀ?" ಎಂದರು ಭಾವ. ಅವರ ಪಂಚೆಯನ್ನೇ ಬಿಚ್ಚಿಸಿ, ಹುರಿಮಾಡಿ ಎಸೆದು ನನ್ನನ್ನು ಎಳೆದರು. ಕೆರೆಯ ಬೆಳ್ಳಕ್ಕಿಗಳನ್ನು ಭಾವ ಅಂದು ಪಟ್ಟಾಪಟ್ಟಿ ಚಡ್ಡಿಯಲ್ಲಿ ನಿಂತು ನೋಡಿದರು.

ದಡದಲ್ಲಿ ಕೂತು ಕೆಸರು ಕೆರೆದುಕೊಳ್ಳುತ್ತ ನಾನು ಸಿಟ್ಟಿನಿಂದಲೇ ಕೇಳಿದೆ: "ಅಲ್ಲ ಅತ್ತೆ, ನನ್ನ ಸ್ವಂತ ದನೀಲಿ ಅಷ್ಟು ಕೂಗಿದೆ. ಗುರುತು ಸಿಗ್ಲಿಲ್ವಾ?"

ಅತ್ತೆ ಎಲೆಯಡಿಕೆಯನ್ನು ಒಂದು ದವಡೆಗೆ ತಳ್ಳಿಕೊಂಡರು.

"ಆ ದನೀನ ಒಂದಿನನಾದ್ರೂ ನಮ್ಮನೆಗೆ ಕರ್ಕೊಂಡು ಬಂದಿದ್ಯೇನೋ, ಗುರುತಿರಾಕೆ?"