ಹುಣಸೆಹಣ್ಣಿನಲ್ಲಿ ತಿಕ್ಕಿದ ಕೋವಿ

ಆಗ ನನಗೆ ಇಪ್ಪತ್ತೊಂದು. ಈಗ ಐವತ್ತೆಂಟು. ಮದುವೆಯಾಗಿ ಹನಗೋಡಿನ ಆಚೆ ಕಾಡಂಚಿನ ಊರಿಗೆ ಬಂದು ಒಂದು ಮಳೆಗಾಲ ಕಳೆದಿತ್ತು, ಅಷ್ಟೆ. ನನ್ನ ತವರು ಕೃಷ್ಣರಾಜನಗರದ ಕಡೆ, ನಾಲೆ ನೀರಿನ ಗದ್ದೆ ಬಯಲು. ಅಲ್ಲಿ ಬೆಳೆಗೆ ಕಾಟ ಅಂದರೆ ಇಲಿ, ಗಿಳಿ. ಹೊಲಕ್ಕೆ ಹಂದಿ ನುಗ್ಗುತ್ತವೆ, ಅದಕ್ಕೆ ಮನೆಯಲ್ಲಿ ಕೋವಿ ಇಟ್ಟುಕೊಳ್ಳುತ್ತಾರೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಕೋವಿಯನ್ನು ಹತ್ತಿರದಿಂದ ನೋಡಿದ್ದೇ ಗಂಡನ ಮನೆಯಲ್ಲಿ.

ಅದು ಮಾವನ ಕೋವಿ. ಒಂಟಿ ನಳಿಗೆ, ನಡುವೆ ಮಡಿಸಿ ತೋಟಾ ಹಾಕುವಂಥದ್ದು. ಬೆಳೆ ಕಾಯುವುದಕ್ಕೆಂದು ಅವರ ಹೆಸರಿಗೆ ಲೈಸೆನ್ಸು ಇತ್ತು. ಹೊಲಕ್ಕೆ ಬಂದ ಹಂದಿಯನ್ನು ಹೊಡೆದರೆ ಆಗ ಯಾರೂ ಕೇಳುತ್ತಿರಲಿಲ್ಲ, ಈಗಿನ ಕಾನೂನು ಬೇರೆ. ನಡುಮನೆಯಲ್ಲಿ ದೇವರ ಗೂಡಿನ ಪಕ್ಕ ಎರಡು ಗೂಟದ ಮೇಲೆ ಮಲಗಿರುತ್ತಿತ್ತು. ಕಪ್ಪಗೆ, ಮುಟ್ಟಿದರೆ ಎಣ್ಣೆ ಜಿಡ್ಡು. ಇಷ್ಟು ಶುಚಿಯ ಮನುಷ್ಯ ಇದೊಂದನ್ನು ಇಷ್ಟು ಕೊಳಕಾಗಿ ಯಾಕೆ ಇಟ್ಟಿದ್ದಾರೆ ಅಂದುಕೊಳ್ಳುತ್ತಿದ್ದೆ.

ಆಯುಧಪೂಜೆಯ ಹಿಂದಿನ ದಿನ ಅತ್ತೆ, ಮನೆಯ ಕಬ್ಬಿಣವನ್ನೆಲ್ಲ ತೊಳೆದಿಡು ಎಂದು ಹೇಳಿ ಹೊಗೆಸೊಪ್ಪು ಮುರಿಯಲು ಹೊಲಕ್ಕೆ ಹೋದರು. ಮಾವ ಹುಣಸೂರಿಗೆ ಹೋಗಿದ್ದರು. ಗಂಡ ಬ್ಯಾರನ್ನಿನಲ್ಲಿ, ಅಂದರೆ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಮನೆಯಲ್ಲಿ, ಬೆಂಕಿ ನೋಡಿಕೊಂಡಿದ್ದರು. ನೇಗಿಲ ಗುಳ, ಕುಡುಗೋಲು, ಮಚ್ಚು, ಹಾರೆ ಎಲ್ಲ ತೊಳೆದೆ. ಆಮೇಲೆ ಗೋಡೆ ಕಡೆ ನೋಡಿದೆ. ಕೋವಿಯೂ ಕಬ್ಬಿಣವೇ ತಾನೆ. ತೋಟಾಗಳನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತಿದ್ದರು, ಅದೇ ಪುಣ್ಯ. ಹಿತ್ತಲಿನ ಕಲ್ಲಿನ ಮೇಲೆ ಹಾಕಿಕೊಂಡು ಹುಣಸೆಹಣ್ಣು, ಒಲೆ ಬೂದಿ, ತೆಂಗಿನ ನಾರು ಹಿಡಿದು ಕೂತೆ. ಮೊದಲು ಆ ಕಪ್ಪು ಬಿಡಲಿಲ್ಲ. ಹಟ ಬಂತು. ಹಿತ್ತಾಳೆ ಕೊಳಗ ತಿಕ್ಕಿದ ಹಾಗೆ ತಿಕ್ಕಿದೆ. ಹೊತ್ತು ನೆತ್ತಿಗೆ ಬರುವ ಹೊತ್ತಿಗೆ ನಳಿಗೆಯಲ್ಲಿ ನನ್ನ ಮುಖ ಕಾಣುತ್ತಿತ್ತು. ಹಿಡಿಯ ಮರವನ್ನೂ ಬಿಳುಪಾಗುವ ಹಾಗೆ ಉಜ್ಜಿದೆ. ಇನ್ನು ಎಲ್ಲರೂ ಹೊಗಳುತ್ತಾರೆ ಎಂದು ಕಾದೆ.

ಮಾವ ಬಂದರು. ಕೋವಿ ಎತ್ತಿಕೊಂಡು ಬೆಳಕಿಗೆ ಹಿಡಿದರು. ಬೆರಳು ಆಡಿಸಿದರು.

“ತೊಳ್ದಿದ್ದೀಯೇನವ್ವ?”

“ಊಂ ಮಾವ.”

“ಚೆನ್ನಾಗೇ ತೊಳ್ದಿದ್ದೀಯ ಬುಡು.”

ಅಷ್ಟೇ ಹೇಳಿದ್ದು. ಆಮೇಲೆ ಜಗಲಿಯ ಮೇಲೆ ಕೂತು ಕತ್ತಲಾಗುವವರೆಗೆ ಕೊಬ್ಬರಿ ಎಣ್ಣೆ ಸವರಿದರು. ಆ ಕಪ್ಪು ಕೊಳೆಯಲ್ಲ, ಕಾರ್ಖಾನೆಯಲ್ಲೇ ಕಬ್ಬಿಣಕ್ಕೆ ಕೂರಿಸಿದ ಬಣ್ಣ, ತುಕ್ಕು ಹಿಡಿಯದಿರಲಿ, ಹೊಳೆಯದಿರಲಿ ಎಂದು ಇರುವುದು ಎಂದು ಗಂಡ ನನಗೆ ಬಿಡಿಸಿ ಹೇಳಿದರು. ಅತ್ತೆ ಬಿಡಿಸಿ ಹೇಳುವ ಪೈಕಿ ಅಲ್ಲ. “ನಿಮ್ಮಪ್ಪನ ಮನೆ ಚೊಂಬು ಅಂದ್ಕೊಂಡ್ಯೇನಮ್ಮಿ” ಎಂದರು. ಆ ಮಾತನ್ನು ಬಾವಿ ಹತ್ತಿರವೂ ಹೇಳಿದರು, ಬ್ಯಾರನ್ನಿನ ಹತ್ತಿರವೂ ಹೇಳಿದರು.

ಬೈಸಿಕೊಂಡದ್ದು ದೊಡ್ಡದಲ್ಲ. ರಾಗಿ ತೆನೆ ಕಟ್ಟಿತ್ತು, ಅದು ದೊಡ್ಡದು. ಕಾಡಿಗೆ ಅಂಟಿಕೊಂಡು ನಮ್ಮದು ಮೂರು ಎಕರೆ ರಾಗಿ. ಒಂಬತ್ತು ಜನ ಉಣ್ಣುವ ಮನೆ, ಮುಂದಿನ ಸುಗ್ಗಿಯವರೆಗೆ ಮುದ್ದೆಗೆ ಅದೇ. ಪ್ರತಿ ವರ್ಷ ತೆನೆ ಹಾಲು ತುಂಬಿದಾಗಿನಿಂದ ಕುಯ್ಯುವವರೆಗೆ ಮಾವ ಸಂಜೆ ಹೊತ್ತು ಹೊನ್ನೆಮರದ ಅಟ್ಟಣೆ ಹತ್ತಿ ಕೂರುತ್ತಿದ್ದರು. ಹೊತ್ತು ಇಳಿಯುವಾಗ ಹಂದಿಗಳು ಹೊರಗೆ ಬರುತ್ತಿದ್ದವು. ಒಂದನ್ನು ಹೊಡೆದರೆ ಉಳಿದವು ಹದಿನೈದು ದಿನ ಆ ಕಡೆ ತಲೆ ಹಾಕುತ್ತಿರಲಿಲ್ಲ.

ಆ ವರ್ಷ ಹಾಗಾಗಲಿಲ್ಲ. ಮಾವ ಕೋವಿ ಎತ್ತಿದರೆ ಇಳಿಬಿಸಿಲು ನಳಿಗೆಗೆ ಬಡಿದು ಫಳ್ ಎನ್ನುತ್ತಿತ್ತು. ಮುಂದಿದ್ದ ಹೆಣ್ಣುಹಂದಿ ಗುಟುರು ಹಾಕಿ ತಿರುಗುತ್ತಿತ್ತು. ಹಿಂಡೆಲ್ಲ ಅದರ ಹಿಂದೆ ಸುತ್ತು ಹಾಕಿ, ಕೋವಿಗೆ ಎಟುಕದ ಕೆಳಗಿನ ಪಟ್ಟೆಗೆ ಇಳಿದು ರಾಗಿಯನ್ನು ಮಗುಚಿ ಹಾಕುತ್ತಿತ್ತು. ಹಂದಿಗೆ ಮೂಗು ಚುರುಕು, ಕಣ್ಣು ಮಂದ ಎನ್ನುತ್ತಾರೆ. ಇರಬಹುದು. ಆ ಹೊಳಪು ಮಾತ್ರ ಕುರುಡು ಹಂದಿಗೂ ಕಾಣುವಂತಿತ್ತು. ಮೂರು ಸಂಜೆಯಲ್ಲಿ ಕೆಳಗಿನ ಪಟ್ಟೆ ಅರ್ಧ ಹೋಯಿತು. ನಾನು ಹೋಗಿ ನೋಡಿ ಬಂದೆ. ನೆಲದಲ್ಲಿ ಬಿದ್ದ ತೆನೆ ನೋಡಿದರೆ ಯಾರೋ ನನ್ನ ಕೆನ್ನೆಗೆ ಹೊಡೆದ ಹಾಗಾಯಿತು.

ನಾಲ್ಕನೆಯ ದಿನ ಮಾವನ ಎದುರು ನಿಂತು, ನಾನೇ ಬೆಳಗಿದ್ದು, ನಾನೇ ಕಪ್ಪು ಮಾಡಿಕೊಡುತ್ತೇನೆ ಎಂದೆ. ಹೆಂಗಸರು ಕೋವಿ ಮುಟ್ಟಬಾರದು ಎಂದು ಅತ್ತೆ ಒಳಗಿನಿಂದಲೇ ಅಂದರು.

“ಮುಟ್ಟಿ ಆಗೈತಲ್ಲ. ಇನ್ನು ಕೆಡಾಕೆ ಏನೈತೆ, ಮಾಡ್ಲಿ ಬುಡು” ಎಂದರು ಮಾವ.

ಮಡಕೆ ತಳದ ಮಸಿ ಕೆರೆದೆ. ಜಾಲಿಮರದ ಗೋಂದನ್ನು ನೀರಿನಲ್ಲಿ ನೆನೆಹಾಕಿ ಅದಕ್ಕೆ ಕಲೆಸಿದೆ. ಗೋಡೆಗೆ ಸುಣ್ಣ ಬಳಿಯುವ ಕತ್ತಾಳೆ ಕುಂಚದಲ್ಲಿ ತುದಿಯಿಂದ ಬುಡದವರೆಗೆ ಬಳಿದು ಬಿಸಿಲಿಗೆ ಇಟ್ಟೆ. ಒಣಗಿದಾಗ ಎಮ್ಮೆ ಕೊಂಬಿನ ಹಾಗೆ ಕರ್ರಗೆ ಚೆನ್ನಾಗಿಯೇ ಇತ್ತು. ಮಾವ ತೆಗೆದುಕೊಂಡು ಹೋದರು. ಅಟ್ಟಣೆ ಹತ್ತಿ ಕೂತು ತೋಟಾ ಹಾಕಲು ಮಡಿಸಿದರೆ ಕೋವಿ ಮಡಿಯಲಿಲ್ಲ. ಗೋಂದು ಕೀಲಿಗೆ ಇಳಿದು ಕಲ್ಲಾಗಿತ್ತು. ಹಂದಿಗಳು ಅವತ್ತು ಮರದ ಕೆಳಗೇ ಬಂದು, ಮೇಲಿನ ಪಟ್ಟೆಯ ಒಂದು ಮೂಲೆಯನ್ನು ನಿಧಾನವಾಗಿ ತಿಂದು ಹೋದವಂತೆ. ಮಾವ ಕೋವಿಯನ್ನು ಕೆನ್ನೆಗೆ ಒರಗಿಸಿಕೊಂಡು ಸುಮ್ಮನೆ ಕೂತು ನೋಡಿದ್ದಾರೆ. ಮನೆಗೆ ಬಂದಾಗ ಅವರ ಬಲಗೆನ್ನೆ, ನರೆತ ಮೀಸೆಯ ಬಲಭಾಗ ಪೂರಾ ಕಪ್ಪು. ಇಬ್ಬನಿಗೆ ಮಸಿ ಕರಗಿ ಹತ್ತಿಕೊಂಡಿತ್ತು.

“ನಿಮ್ಮ ಮಾವಂಗೆ ಪ್ರಾಯ ಬಂತು ನೋಡಮ್ಮಿ, ಅರ್ಧ ಬಂದೈತೆ, ಇನ್ನರ್ಧ ನಾಳೀಕೆ ಬಳ್ದ್ಬುಡು” ಎಂದರು ಅತ್ತೆ. ಮಾವನೂ ನಕ್ಕರು. ನನಗೆ ನಗು ಬರಲಿಲ್ಲ. ಮೇಲಿನ ಪಟ್ಟೆಯೂ ಹೋದರೆ ಕುಯ್ಯುವುದಕ್ಕೆ ಏನು ಉಳಿಯುತ್ತದೆ ಎಂದು ಅದನ್ನೇ ಎಣಿಸುತ್ತಿದ್ದೆ. ಬಿಸಿನೀರಿನ ಬಟ್ಟೆ ಹಿಡಿದು ಕೀಲನ್ನು ಬಿಡಿಸಿ, ಒರೆಸಿ, ಎಣ್ಣೆ ಬಿಟ್ಟೆ. ಕೋವಿ ಮತ್ತೆ ಕನ್ನಡಿಯಾಯಿತು.

ಮರುದಿನ ಬ್ಯಾರನ್ನಿನ ಚಪ್ಪರದಲ್ಲಿ ಹೊಗೆಸೊಪ್ಪನ್ನು ಕೋಲಿಗೆ ಕಟ್ಟುತ್ತಿದ್ದೆವು. ನನ್ನ ಜೊತೆ ಹಾಡಿಯಿಂದ, ಅಂದರೆ ಕಾಡಿನ ಜನರ ಕೇರಿಯಿಂದ, ಒಬ್ಬಳು ಕೂಲಿಗೆ ಬರುತ್ತಿದ್ದಳು. ನನಗಿಂತ ಎರಡು ವರ್ಷ ಸಣ್ಣವಳು, ಕೆಲಸದಲ್ಲಿ ನನ್ನ ಎರಡರಷ್ಟು. ಕೋವಿಯ ಕತೆ ಹೇಳಿದೆ. ಮಾವನ ಮೀಸೆಯ ವಿಷಯಕ್ಕೆ ಬಂದಾಗ ಅವಳು ಕಟ್ಟುತ್ತಿದ್ದ ಸೊಪ್ಪು ಕೆಳಗೆ ಹಾಕಿ ನಕ್ಕಳು. ನಕ್ಕು ಮುಗಿದ ಮೇಲೆ ನನ್ನ ಕೈ ಹಿಡಿದು ತೋರಿಸಿದಳು. ಹಸಿ ಹೊಗೆಸೊಪ್ಪು ಮುಟ್ಟಿದವರಿಗೆ ಗೊತ್ತು, ಅದರ ಅಂಟು ಕೈಗೆ ಹತ್ತಿ ಕರ್ರಗಾಗುತ್ತದೆ, ಸೋಪು ಹಾಕಿದರೂ ಹೋಗುವುದಿಲ್ಲ. ನನ್ನ ಬೆಳ್ಳಿ ಕಡಗ ಆ ಅಂಟಿನಿಂದ ಕಬ್ಬಿಣದ ಬಳೆಯ ಹಾಗೆ ಮಂಕಾಗಿತ್ತು.

“ಕೈಯಾಗೇ ಬಣ್ಣ ಇಟ್ಕೊಂಡು ಗೋಂದು ಯಾಕಕ್ಕ ಹಾಕ್ದೆ? ಅದು ನೀರು ಕಂಡ್ರೆ ಓಡೋಯ್ತದೆ. ನಮ್ಮ ಗುಡ್ಲಲ್ಲಿ ಜೇನುಮೇಣ ಐತೆ, ತತ್ತೀನಿ. ಮೇಣಕ್ಕೆ ಈ ಅಂಟು ಸೇರ್ಸು.” ಬಿದ್ದ ಸೊಪ್ಪನ್ನು ಎತ್ತಿಕೊಳ್ಳುತ್ತಾ ಮತ್ತೆ ಅಂದಳು: “ಬರೀ ಕರೀದು ಮಾಡ್ಬ್ಯಾಡ. ಅಷ್ಟು ನೆಟ್ಟಗೆ, ಒಂದೇ ಬಣ್ಣದಾಗೆ ಇರೋದು ಕಾಡಲ್ಲಿ ಏನೈತೆ, ಹೇಳು.”

ನಾನು ಯೋಚನೆ ಮಾಡಿ ಹಾವು ಎಂದೆ.

“ಹೆಬ್ಬಾವ್ಗೂ ಮಚ್ಚೆ ಐತಲ್ಲಕ್ಕ” ಎಂದಳು.

ಅವತ್ತು, ಮಾರನೆ ದಿನ, ಚಪ್ಪರದಲ್ಲಿದ್ದ ಐದು ಹೆಂಗಸರೂ ಕೆಲಸ ಬಿಡುವಾಗ ಕೈಗೆ ಕೈ ಉಜ್ಜಿ ಅಂಟನ್ನು ಉಂಡೆ ಮಾಡಿ ನನ್ನ ತೆಂಗಿನ ಚಿಪ್ಪಿಗೆ ಹಾಕಿದರು. ಒಬ್ಬಳೂ ಇಲ್ಲ ಅನ್ನಲಿಲ್ಲ. ಅವಳು ಎಲೆಯಲ್ಲಿ ಸುತ್ತಿ ಮೇಣ ತಂದಳು. ಬ್ಯಾರನ್ನಿನ ಹೊಗೆ ಕೊಳವೆಯ ಮಸಿ ಕೆರೆದು, ನಾಲ್ಕು ಹನಿ ಹರಳೆಣ್ಣೆ ಬಿಟ್ಟು, ಎಲ್ಲ ಸೇರಿಸಿ ಸಣ್ಣ ಉರಿಯಲ್ಲಿ ಕಾಯಿಸಿದೆವು. ಮೂಗು ಕಿತ್ತುಹೋಗುವ ನಾತ, ಆದರೆ ಹೊಗೆಸೊಪ್ಪಿನ ನಾತ ಆ ಕಡೆಯ ಹಂದಿಗಳಿಗೆ ಹೊಸದಲ್ಲ. ಈ ಸಲ ಕೀಲಿಗೆ ಮೊದಲೇ ಬಟ್ಟೆ ಸುತ್ತಿದೆ. ನಳಿಗೆಯ ಬುಡದಲ್ಲಿ ಕೊರೆದಿದ್ದ ನಂಬರು ಮುಚ್ಚಬಾರದು, ಹುಣಸೂರಿನಲ್ಲಿ ವರ್ಷಕ್ಕೊಮ್ಮೆ ತೋರಿಸಬೇಕು ಎಂದು ಮಾವ ಹೇಳಿದ್ದರು. ಅದನ್ನೂ ಬಿಟ್ಟೆ. ಕೋವಿಯನ್ನು ಬಿಸಿಲಿಗೆ ಕಾಯಲು ಇಟ್ಟು, ಬೆಚ್ಚಗಾದ ಮೇಲೆ ಹಳೆ ಸೀರೆಯ ಚೂರಿನಿಂದ ಉಜ್ಜುತ್ತಾ ಹೋದೆ. ಮೇಣ ಕಬ್ಬಿಣ ಹಿಡಿಯಿತು. ಹೊಳಪು ಹೋಯಿತು.

ಆಮೇಲೆ ಮಚ್ಚೆ. ಮೇಣದಲ್ಲಿ ಕೆಮ್ಮಣ್ಣು ಕಲೆಸಿದ್ದು ಒಂದು, ಬೂದಿ ಕಲೆಸಿದ್ದು ಒಂದು, ಅವರೆ ಸೊಪ್ಪು ಅರೆದು ಹಾಕಿದ್ದು ಒಂದು. ನಾನು ರಂಗೋಲಿ ಇಡುವ ಹಾಗೆ ಅಂದವಾಗಿ ಎಳೆಯಲು ಹೋದೆ. ಅವಳು ನನ್ನ ಕೈಗೆ ಹೊಡೆದಳು. ಗೆರೆ ಎಳೆಯಬೇಡ, ಹೆಬ್ಬೆರಳಲ್ಲಿ ಒತ್ತು, ಎರಡು ಒಂದೇ ಥರ ಇರಬಾರದು ಎಂದಳು. ಹಾಗೇ ಒತ್ತಿದೆವು, ಅವಳು ಒಂದು ಕಡೆಯಿಂದ, ನಾನು ಒಂದು ಕಡೆಯಿಂದ. ಹಿಡಿಗೆ ಗೋಣಿ ನಾರು ಸುತ್ತಿ, ಅದಕ್ಕೂ ಮಣ್ಣು ಮೆತ್ತಿದೆವು. ನಳಿಗೆಯ ತುದಿಯಲ್ಲಿ ಗುರಿ ನೋಡುವ ಸಣ್ಣ ಹಿತ್ತಾಳೆ ಗುಂಡು ಇರುತ್ತದೆ, ಅದೊಂದನ್ನು ಹಾಗೇ ಉಳಿಸಿದೆ. ಮಾವನ ಕಣ್ಣು ಸಂಜೆಗೆ ಮಂಜಾಗುತ್ತಿತ್ತು, ಅವರು ಹೇಳುತ್ತಿರಲಿಲ್ಲ, ನನಗೆ ಗೊತ್ತಿತ್ತು.

ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಕೋವಿಯೋ ಗೆದ್ದಲು ಹಿಡಿದ ಕೊಂಬೆಯೋ ಎಂದರು. ಅಂಗೆ ಕಾಣಲಿ ಅಂತಲೇ ಮಾಡಿದ್ದು ಎಂದಳು ಹಾಡಿಯವಳು. ಅತ್ತೆ ಮೂಸಿ ನೋಡಿ, “ಮೇಣ ಬಳ್ದಿದ್ದೀರ. ಅಂದಿ ಬುಟ್ಟು ಕರಡಿ ಬಂದು ನೆಕ್ಕೀತು, ಮರದ ಮ್ಯಾಲೆ ಉಸಾರಾಗಿರಿ” ಎಂದು ಮಾವನಿಗೆ ಹೇಳಿದರು. ಮಾವ ಕೀಲು ಮಡಿಸಿದರು. ಮಡಿಯಿತು. ಇನ್ನೆರಡು ಸಲ ಮಡಿಸಿ ನೋಡಿ ಹೊರಟರು.

ನಾನು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದೆ. ಹೊತ್ತು ಇನ್ನೂ ಪೂರ್ತಿ ಮುಳುಗಿರಲಿಲ್ಲ. ಒಂದು ಈಡು ಕೇಳಿಸಿತು. ಎಮ್ಮೆ ಒದೆಯಿತು, ಅರ್ಧ ಚೊಂಬು ಹಾಲು ಚೆಲ್ಲಿತು. ಇನ್ನೊಂದು ಈಡು ಬರುತ್ತದೋ ಎಂದು ಕಾದೆ. ಒಂದೇ ಈಡಾದರೆ ಬಿದ್ದಿದೆ ಎಂದು, ಎರಡಾದರೆ ಓಡಿದೆ ಎಂದು ನಮ್ಮಲ್ಲಿ ಅಂದಾಜು. ಎರಡನೆಯದು ಬರಲಿಲ್ಲ. ಹೊಲದ ಕಡೆಯಿಂದ ಮಾವ ಜನರನ್ನು ಕೂಗುವುದು ಕೇಳಿಸಿತು.

ದೊಡ್ಡ ಗಂಡುಹಂದಿ. ಮೇಲಿನ ಪಟ್ಟೆಯ ಅಂಚಿನಲ್ಲೇ, ರಾಗಿಗೆ ಬಾಯಿ ಹಾಕುವ ಮೊದಲೇ ಬಿದ್ದಿತ್ತು. ಹಂದಿಗಳು ಅಟ್ಟಣೆಯ ಕಡೆ ತಲೆ ಎತ್ತಿ ನೋಡಿದವು, ನೋಡಿ ಮತ್ತೆ ಮುಂದಕ್ಕೆ ಬಂದವು ಎಂದು ಮಾವ ಎರಡು ಸಲ ಹೇಳಿದರು. ಉಳಿದ ಹಂದಿಗಳು ಕಾಡಿಗೆ ಹೋದವು, ಕುಯ್ಲು ಮುಗಿಯುವವರೆಗೆ ಬರಲಿಲ್ಲ.

ನಮ್ಮ ಊರಲ್ಲಿ ಹಂದಿ ಹೊಡೆದರೆ ಎಲ್ಲ ಮನೆಗೂ ಪಾಲು. ಹಂಚುವ ಮೊದಲು ಒಂದು ಹಿಂದೊಡೆ ತೆಗೆದು ಬೇರೆ ಇಡುತ್ತಾರೆ. ಅದು ಕೋವಿ ಪಾಲು, ಕೋವಿಯ ಯಜಮಾನನಿಗೆ ಸೇರಿದ್ದು. ಅವತ್ತು ಅಂಗಳದಲ್ಲಿ ಎಲ್ಲರೂ ಸೇರಿದ್ದಾಗ ಮಾವ ಆ ತೊಡೆಯನ್ನು ಎರಡು ಮಾಡಿಸಿದರು.

“ಈ ಸಲ ಕೋವಿ ಪಾಲು ನಂದಲ್ಲ. ಕೋವೀನ ಕೋವಿ ಮಾಡ್ದವರ್ದು” ಎಂದು ಹಾಡಿಯವಳಿಗೆ ಒಂದು, ನನಗೆ ಒಂದು ಕೊಟ್ಟರು.

ಬೇಟೆಯ ಪಾಲನ್ನು ಹೆಂಗಸರ ಕೈಗೆ ಕೊಟ್ಟದ್ದು ಆ ಊರಲ್ಲಿ ಅದೇ ಮೊದಲು. ಒಬ್ಬ ಹಿರಿಯರಿಗೆ ಸರಿಬರಲಿಲ್ಲ. ನಾಳೆ ಇವರು ಅಟ್ಟಣೆಯನ್ನೂ ಹತ್ತುತ್ತಾರೆ ಎಂದರು. “ಅತ್ಲಿ ಬುಡಪ್ಪ, ನಂಗೂ ವಯಸ್ಸಾಯ್ತು” ಎಂದು ಮಾವ ಚಾಕು ಒರೆಸಿಕೊಂಡರು. ಅತ್ತೆಯೇ ಸಾರು ಮಾಡಿ, ಅವತ್ತು ನನ್ನನ್ನು ಮೊದಲ ಪಂಕ್ತಿಗೆ ಕೂರಿಸಿ ಬಡಿಸಿದರು. ಅದಕ್ಕಿಂತ ಹೆಚ್ಚು ಮಾತು ಅವರಿಂದ ನನಗೂ ಬೇಕಿರಲಿಲ್ಲ.

ಮುಂದೆ ಪ್ರತಿ ವರ್ಷ ಮಾವ ಆ ಮಚ್ಚೆ ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಹುಣಸೂರಿನ ಪೇಟೆ ಬೀದಿಯಲ್ಲೇ ನಡೆದು ಕಚೇರಿಗೆ ತೋರಿಸಲು ಹೋಗುತ್ತಿದ್ದರು. ನೋಡಿದವರು ನಗುತ್ತಿದ್ದರಂತೆ. ನಮ್ಮ ಸೊಸೆ ಬಳಿದದ್ದು ಎನ್ನುತ್ತಿದ್ದರಂತೆ. ಸೊಸೆ ಹಾಳು ಮಾಡಿದಳು ಎಂದು ಒಂದು ಸಲವೂ ಅನ್ನಲಿಲ್ಲ, ನನ್ನ ತವರಿನವರ ಮುಂದೆಯೂ ಅನ್ನಲಿಲ್ಲ. ನಾನು ದೇವರಿಗೆ ಕೈ ಮುಗಿಯುವಾಗ ಹೆಚ್ಚು ಹೊತ್ತು ನಿಲ್ಲುವವಳಲ್ಲ. ನಿಂತಷ್ಟು ಹೊತ್ತಿನಲ್ಲಿ ಆ ಮನುಷ್ಯನನ್ನೂ ಆ ಹಾಡಿಯ ಹೆಂಗಸನ್ನೂ ನೆನೆಯುತ್ತೇನೆ. ಅವರು ಇಲ್ಲದಿದ್ದರೆ ಆ ವರ್ಷ ನಮ್ಮ ಮನೆಯಲ್ಲಿ ರಾಗಿ ಇರುತ್ತಿರಲಿಲ್ಲ.

ಆ ಹಂದಿ ಬಿದ್ದ ಮರುದಿನ ಬೆಳಗ್ಗೆ ನಾನು ಮೊರ, ಕುಡುಗೋಲು ತೆಗೆದುಕೊಂಡು ಕೆಳಗಿನ ಪಟ್ಟೆಗೆ ಹೋದೆ. ಹಂದಿಗಳು ತುಳಿದು ಹಾಕಿದ್ದ ತೆನೆಗಳಲ್ಲಿ ಬಲಿತಿದ್ದನ್ನೆಲ್ಲ ಮಣ್ಣಿನಿಂದ ಬಿಡಿಸಿ ಕುಯ್ದೆ. ತೊರೆಯ ನೀರಿನಲ್ಲಿ ತೊಳೆದು, ಬಂಡೆಯ ಮೇಲೆ ಹರವಿ, ಹಕ್ಕಿ ಓಡಿಸುತ್ತಾ ಕೂತೆ.