ಲೈಬ್ರರಿಯಲ್ಲಿ ಸಿಕ್ಕ ನೀರುಗಂಟಿ

ಹೋದ ವಾರ ಮದ್ದೂರು ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯೊಂದರಲ್ಲಿ ಆಧಾರ್ ಕಾರ್ಡಿನ ಎರಡು ಜೆರಾಕ್ಸ್ ತೆಗೆಸಿದೆ. ಯಂತ್ರದಿಂದ ಆಗತಾನೇ ಹೊರಬಿದ್ದ ಹಾಳೆಗಳನ್ನು ಅಂಗಡಿಯಾಕೆ ಕೈಗಿಟ್ಟಾಗ ಅವು ಹೆಂಚಿನಿಂದ ಇಳಿಸಿದ ರೊಟ್ಟಿಯಷ್ಟು ಬೆಚ್ಚಗಿದ್ದವು. ಮೂಗಿಗೆ ಬಿಸಿ ಶಾಯಿಯ ವಾಸನೆ. ನೀವು ನಂಬುತ್ತೀರೋ ಇಲ್ಲವೋ, ಆ ವಾಸನೆ ಹೀರುತ್ತಾ ನಿಂತು ನಾನು ಕಣ್ಣೆದುರಿಗೇ ಮಳವಳ್ಳಿ ಬಸ್ಸು ತಪ್ಪಿಸಿಕೊಂಡೆ. ಮುಂದಿನದಕ್ಕೆ ಮುಕ್ಕಾಲು ಗಂಟೆ ಕಾಯಬೇಕಿತ್ತು. ಕಾಯುವುದಕ್ಕೆ ಜೊತೆಯಾಗಿ ಜಯಲಕ್ಷ್ಮಿ ಮೇಡಂ ನೆನಪಿಗೆ ಬಂದರು.

ಅವರು ನಾನು ಓದಿದ ಮಂಡ್ಯದ ಕಾಲೇಜಿನಲ್ಲಿ ಲೈಬ್ರೇರಿಯನ್. ನಾನು ಆಗ ಇತಿಹಾಸದ ಎಂ.ಎ. ವಿದ್ಯಾರ್ಥಿ, ಹೊಳಲಿನ ಆಚೆಗಿರುವ ನಮ್ಮೂರಿನಿಂದ ದಿನಾ ಓಡಾಡುತ್ತಿದ್ದೆ. ವಿದ್ಯಾರ್ಥಿ ಅನ್ನುವುದು ಕಾಲೇಜಿನ ದಾಖಲೆಯ ಮಾತು. ಲೈಬ್ರರಿಗೆ ನಾನು ಹೋಗುತ್ತಿದ್ದದ್ದು ಫ್ಯಾನಿನ ಕೆಳಗೆ ಕೂತು ಪೇಪರಿನ ಹಿಂದಿನ ಪುಟದ ಕ್ರಿಕೆಟ್ ಸುದ್ದಿ ಓದುವುದಕ್ಕೆ. ಒಳಗಿನ ಕಪಾಟುಗಳ ಕಡೆ ಏನಿದೆಯೆಂದು ಒಂದೂವರೆ ವರ್ಷ ತಿರುಗಿಯೂ ನೋಡಿರಲಿಲ್ಲ.

ಕೊನೆಯ ಸೆಮಿಸ್ಟರಿನಲ್ಲಿ ಒಂದು ಕಿರುಪ್ರಬಂಧ ಬರೆಯಬೇಕಿತ್ತು. ನಾನು ಆರಿಸಿಕೊಂಡ ವಿಷಯ ‘ನಮ್ಮೂರ ಕೆರೆ’. ಕೆರೆಯ ಮೇಲೆ ಅಭಿಮಾನವಿತ್ತು ಅಂದುಕೊಳ್ಳಬೇಡಿ. ಮನೆಯಲ್ಲಿ ಎಂಬತ್ತು ದಾಟಿದ ತಾತ ಇದ್ದ, ಅವನು ಹೇಳಿದ್ದನ್ನು ಬರೆದುಬಿಟ್ಟರೆ ಕೆಲಸ ಮುಗಿಯಿತು ಅನ್ನುವ ಲೆಕ್ಕಾಚಾರ. ಎರಡು ಭಾನುವಾರದಲ್ಲಿ ಹನ್ನೆರಡು ಪುಟ ಬರೆದೆ. ಅದನ್ನು ನೋಡಿದ ಮೇಷ್ಟ್ರು, “ಕೊನೇಲಿ ಆಧಾರ ಗ್ರಂಥಗಳ ಪಟ್ಟಿ ಎಲ್ಲಯ್ಯಾ? ಹತ್ತಾದರೂ ಇರಬೇಕು,” ಅಂದರು. ಹಾಗಾಗಿ ಮೊದಲ ಸಲ ಮೇಡಂ ಮೇಜಿನ ಮುಂದೆ ಹೋಗಿ ನಿಂತೆ.

“ಮೇಡಂ, ಹಿಂದೆ ಹಾಕೋಕೆ ಹತ್ತು ಪುಸ್ತಕ ಬೇಕಿತ್ತು.”

ಅವರು ಕನ್ನಡಕದ ಮೇಲಿಂದ ನೋಡಿದರು. “ಹಿಂದೆ ಹಾಕೋಕಾ? ಮುಂದೆ ಏನಿದೆ, ಕೊಡಿ ನೋಡಣ.”

ನನ್ನನ್ನು ನಿಲ್ಲಿಸಿಕೊಂಡೇ ಹನ್ನೆರಡು ಪುಟವನ್ನೂ ಓದಿದರು. ನನ್ನ ಬರಹವನ್ನು ಯಾರಾದರೂ ಪೂರ್ತಿ ಓದಿದ್ದು ಅದೇ ಮೊದಲು. ಮೇಷ್ಟ್ರೂ ಕೊನೆಯ ಪುಟವನ್ನಷ್ಟೇ ತಿರುವಿದ್ದರು. ಮೇಡಂ ಏಳನೆಯ ಪುಟದ ಒಂದು ಸಾಲಿನ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದರು. ‘ಕೆರೆಯ ನೀರನ್ನು ಎಲ್ಲ ಗದ್ದೆಗಳಿಗೂ ಸಮನಾಗಿ ಹಂಚಲಾಗುತ್ತಿತ್ತು.’ ನನಗೆ ಬಹಳ ಇಷ್ಟವಾದ ವಾಕ್ಯ ಅದು. ಪಾಠಪುಸ್ತಕದ ಗತ್ತು ಇತ್ತು ಅದಕ್ಕೆ.

“ಯಾರು ಹಂಚ್ತಿದ್ರು?”

“ಊರೋರೇ ಹಂಚ್ಕೊತಿದ್ರು ಮೇಡಂ.”

“ಊರೋರೆಲ್ಲ ಒಟ್ಟಿಗೆ ಹೋಗಿ ತೂಬು ಎತ್ತುತಿದ್ರಾ? ನಿಮ್ಮೂರಲ್ಲಿ ‘ಹಂಚಲಾಗುತ್ತಿತ್ತು’ ಅಂತ ಯಾರಾದ್ರೂ ಇದ್ರೇನಪ್ಪ? ಯಾವನೋ ಒಬ್ಬ ಮನುಷ್ಯ ಎತ್ತಿರ್ಬೇಕಲ್ವಾ? ಮೊದಲು ಅವನನ್ನ ಹುಡುಕಿ. ಪುಸ್ತಕ ಆಮೇಲೆ ಕೊಡ್ತೀನಿ.”

ನನಗೆ ಸಿಟ್ಟು ಬಂತು. ಪುಸ್ತಕ ಕೇಳಿದವನಿಗೆ ಪ್ರಶ್ನೆ ಕೊಟ್ಟು ಕಳಿಸುವ ಲೈಬ್ರೇರಿಯನ್ನನ್ನು ಎಲ್ಲಾದರೂ ಕಂಡಿದ್ದೀರಾ? ಆದರೆ ಅವರು ಕಳಿಸಲಿಲ್ಲ. ಎದ್ದು ಮುಂದೆ ನಡೆದು, ಅದುವರೆಗೆ ನಾನು ಕಾಲಿಡದ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಅವರ ಸಹಾಯಕ ರಂಗಸ್ವಾಮಿ ಇದ್ದರು. ಮಾತು ಕಮ್ಮಿ, ಕೆಮ್ಮು ಜಾಸ್ತಿ. “ರಂಗಸ್ವಾಮಿ, ಇವರಿಗೆ ಕೆರೆ ತೂಬು ಎತ್ತಿದೋನು ಬೇಕಂತೆ,” ಅಂದರು ಮೇಡಂ, ಯಾರೋ ಪೆನ್ನು ಕೇಳಿದ್ದಾರೆ ಅನ್ನುವಷ್ಟು ಸಲೀಸಾಗಿ.

ಆಮೇಲಿನ ಮೂರು ವಾರ ನಾನು ಆ ಕೋಣೆಯಲ್ಲೇ ಇದ್ದೆ. ಹಳೆಯ ಜಿಲ್ಲಾ ವರದಿಗಳು, ನೀರಾವರಿ ಇಲಾಖೆಯ ಕಡತಗಳು, ಬೆನ್ನು ಕಿತ್ತುಹೋದ ಶಾಸನ ಸಂಪುಟಗಳು. ರಂಗಸ್ವಾಮಿ ಬೇಕಾದ ಪುಟಕ್ಕೆ ತೆಂಗಿನ ಪೊರಕೆಕಡ್ಡಿ ಇಟ್ಟು ತಂದುಕೊಡುತ್ತಿದ್ದರು. ಅದನ್ನು ನಾನು ಜೆರಾಕ್ಸ್ ಮಾಡಿಸಿ ಬಿಸಿ ಆರುವ ಮೊದಲೇ ಓದುತ್ತಿದ್ದೆ. ಒಂದು ವಾರವಾದರೂ ಏನೂ ಸಿಗದೆ, “ಇದರಲ್ಲೆಲ್ಲ ನಮ್ಮೂರ ಸುದ್ದಿನೇ ಇಲ್ಲ ಸಾರ್,” ಎಂದು ಗೊಣಗಿದಾಗ ಅವರು ಕೆಮ್ಮಿ ಮುಗಿಸಿ ಹೇಳಿದರು: “ನೀವು ಹುಡುಕೋ ಪದ ಸಿಗ್ಲಿಲ್ಲ ಅಂದ್ರೆ ಸುದ್ದಿ ಇಲ್ಲ ಅಂತಲ್ಲ. ಬರೆದೋನು ಬೇರೆ ಹೆಸರಲ್ಲಿ ಕರೆದಿರ್ತಾನೆ. ‘ಕೆರೆ’ ಅನ್ನೋದು ಬಿಟ್ಟು ‘ಚಾಕರಿ’ ಅಂತ ನೋಡಿ.”

ಚಾಕರಿ ಅಂತ ನೋಡಿದೆ. ಸಿಕ್ಕಿತು. ಊರೂರಿನ ಚಾಕರಿಯವರ ಹಳೆಯ ಪಟ್ಟಿಯೊಂದರಲ್ಲಿ ನಮ್ಮೂರಿನ ಹೆಸರು, ಅದರ ಮುಂದೆ ‘ನೀರುಗಂಟಿ, ಒಬ್ಬ’. ಕೆರೆಯ ತೂಬು ಕಾಯ್ದು ಗದ್ದೆಗದ್ದೆಗೂ ನೀರು ಬಿಡುವವನೇ ನೀರುಗಂಟಿ. ಒಬ್ಬನಿದ್ದ ಅನ್ನುವುದು ಖಾತ್ರಿಯಾಯಿತು, ಹೆಸರು ಮಾತ್ರ ಇಲ್ಲ. ಓಡಿಹೋಗಿ ಮೇಡಂಗೆ ತೋರಿಸಿದೆ. ಅವರ ಮುಖ ನನ್ನದಕ್ಕಿಂತ ಹೆಚ್ಚು ಅರಳಿತು. “ಪುಸ್ತಕದ ಬಸ್ಸು ಇಲ್ಲೀಗಂಟ ಅಷ್ಟೆ. ಇನ್ನು ಇಳ್ಕೊಂಡು ನಡೀರಿ. ನಿಮ್ಮ ತಾತನ್ನ ಕೇಳಿ,” ಅಂದರು.

ತಾತ ಬೋರೇಗೌಡ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದ. ನೀರುಗಂಟಿ ಯಾರು ಅಂದೆ.

“ಯಾರೋ ಒಬ್ಬ ಇದ್ದ ಕಣ್ಲಾ. ಅದ್ಯಾಕೀಗ?”

ಬಿಡದೆ ಕೇಳಿದೆ. ಒಂದು ಬುಟ್ಟಿ ಕಾಯಿ ಬಿಡಿಸಿ ಮುಗಿಸಿ, ಆಮೇಲೆ ಹೇಳಿದ. ಹೆಸರು ಮಾದಯ್ಯ, ಊರ ಕೆಳಗಿನ ಬೀದಿಯವನು. ಒಂದು ಬೇಸಿಗೆ ಕೆರೆಯಲ್ಲಿ ನೀರು ಕಮ್ಮಿಯಿತ್ತು. ಮಾದಯ್ಯ ಊಟಕ್ಕೆ ಹೋದ ಹೊತ್ತು ನೋಡಿ ತಾತ ಕಾಲುವೆ ಒಡೆದು ತನ್ನ ಗದ್ದೆಗೆ ತಿರುಗಿಸಿಕೊಂಡಿದ್ದ. ಮಾದಯ್ಯ ಬಂದವನೇ ಮಣ್ಣು ಹಾಕಿ ಮುಚ್ಚಿ, ಗುದ್ದಲಿ ಊರಿಕೊಂಡು ಅಲ್ಲೇ ನಿಂತ. “ನಿಮ್ ಪಾಳಿ ನಾಳೀಕೆ ಗೌಡ್ರೆ,” ಅಂದ, ಅಷ್ಟೇ. ತಾತ ಆಗ ಊರಿನ ಯಜಮಾನ. ಎದುರು ಮಾತಾಡಿದ ಅಂತ ಪಂಚಾಯ್ತಿ ಸೇರಿಸಿ, ನಾಲ್ಕು ಜನರ ಮುಂದೆ ಅವನನ್ನು ತೂಬಿನ ಕೆಲಸದಿಂದ ತೆಗೆಸಿದ. ಮಾದಯ್ಯ ಹೆಂಡತಿ ಮಗಳನ್ನು ಕರೆದುಕೊಂಡು ಬಸರಾಳಿನ ಕಡೆ ಹೊರಟುಹೋದ.

“ತಪ್ಪು ನಂದೇಯ,” ಅಂದ ತಾತ. ಸಿಪ್ಪೆಯನ್ನೆಲ್ಲ ಗುಡಿಸಿಕೊಂಡು ದನಗಳ ಕಡೆ ಎದ್ದುಹೋದ.

ನನಗೆ ದಿಕ್ಕು ತೋಚಲಿಲ್ಲ. ಇದನ್ನು ಬರೆದರೆ ಮನೆ ಮರ್ಯಾದೆ ಹೋಗುತ್ತದೆ, ಬಿಟ್ಟರೆ ಮೂರು ವಾರದ ಹುಡುಕಾಟ ಸುಳ್ಳು. ಬಿಟ್ಟುಬಿಡಿ ಅಂತ ಮೇಡಂ ಹೇಳಲಿ ಅನ್ನುವ ಆಸೆಯಿಂದಲೇ ಹೋದೆ. ಅವರು ಎಲ್ಲ ಕೇಳಿ, “ಎಲ್ಲಿ ಹುಡುಕ್ಬೇಕು ಅಂತ ಹೇಳೋದು ನನ್ನ ಕೆಲಸ. ಏನು ಬರೀಬೇಕು ಅನ್ನೋದು ನಿಮ್ದು,” ಅಂದರು. ಆಮೇಲೆ ಅವರೇ ಕೇಳಿದರು: “ಒಂದು ಕಡೆಯೋರು ಹೇಳಿದ್ದಾಯ್ತು. ಇನ್ನೊಂದು ಕಡೆಯೋರನ್ನ ಕೇಳಿದ್ರಾ?”

ಬಸರಾಳಿನಲ್ಲಿ ಇಳಿದು ಮೂರು ಮನೆ ವಿಚಾರಿಸಿದ ಮೇಲೆ ಮಾದಯ್ಯನ ಮಗಳು ಸಿದ್ದಮ್ಮ ಸಿಕ್ಕರು. ಮಾದಯ್ಯ ತೀರಿಹೋಗಿ ಬಹಳ ಕಾಲವಾಗಿತ್ತು. ನಾನು ಯಾರ ಮೊಮ್ಮಗ ಅಂತ ಹೇಳಿದೆ. ಆಕೆ ಬಯ್ಯಲಿಲ್ಲ. ನೀರು ಕೊಟ್ಟು, ಕೂರಿಸಿ, ತಾತ ನನಗೆ ಹೇಳದೆ ಉಳಿಸಿಕೊಂಡಿದ್ದನ್ನು ಹೇಳಿದರು.

“ನಿಮ್ ತಾತ ಒಂದ್ ದಪ ಇಲ್ಲೀಗಂಟ ಬಂದಿದ್ದ ಕಣಪ್ಪ. ವಾಪಸ್ ಬಾ ಮಾದ ಅಂದ. ನಮ್ಮಪ್ಪ, ನಾಕು ಜನದ ಮುಂದೆ ತೆಗುದ್ರಿ ಗೌಡ್ರೆ, ನಾಕು ಜನದ ಮುಂದೆ ಕರೀರಿ, ಬತ್ತೀನಿ ಅಂದ. ನಿಮ್ ತಾತ ಸುಮ್ಕೆ ಎದ್ದೋದ. ಅಪ್ಪ ಒಂದ್ ವರ್ಸ ದಾರಿ ನೋಡ್ದ.”

ಊರಿಗೆ ಬಂದು ಬರೆದೆ. ಏಳನೆಯ ಪುಟದ ಆ ಒಂದು ಸಾಲು ಒಂಬತ್ತು ಪುಟವಾಯಿತು. ಬರೆದದ್ದನ್ನು ತಾತನಿಗೆ ಓದಿ ಹೇಳದೆ ಕಾಲೇಜಿಗೆ ಕೊಡಬಾರದು ಅನ್ನಿಸಿತು. ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಓದಿದೆ. ತಾತ ಕಂಬಕ್ಕೊರಗಿ ಕಣ್ಣು ಮುಚ್ಚಿ ಕೇಳಿದ. ‘ಊರಿನ ಒಬ್ಬ ರೈತ ಕಾಲುವೆಯನ್ನು ಒಡೆದನು’ ಅನ್ನುವಲ್ಲಿ ಕಣ್ಣು ಬಿಟ್ಟ.

“ಒಬ್ಬ ರೈತ ಅಂದ್ರೆ ಯಾವನ್ಲಾ?”

“ನೀನೇ ತಾತ. ಹೆಸ್ರು ಬೇಡ ಅಂತ...”

“ಅವನೆಸ್ರು ಬರ್ದು ನನ್ನೆಸ್ರು ಯಾಕ್ ಬುಟ್ಟೆ? ಬರಿ. ಬೋರೇಗೌಡ ಅಂತ್ಲೇ ಬರಿ.”

ಬರೆದೆ. ಅವನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಬರುವ ಭಾನುವಾರ ಸಿದ್ದಮ್ಮನನ್ನು ಕರೆಸು, ಊರೋರ ಮುಂದೆ ಇದನ್ನ ಓದು ಅಂದ. ನನ್ನ ಅಪ್ಪ ಮುಖ ಗಂಟಿಕ್ಕಿಕೊಂಡು ಆ ದಿನ ಬೆಳಿಗ್ಗೆಯೇ ಗದ್ದೆಗೆ ಹೊರಟುಬಿಟ್ಟ. ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ಊರೆಲ್ಲ ನಿಂತಿದ್ದ ಹೊತ್ತಿನಲ್ಲಿ, ಬಸರಾಳಿನಿಂದ ಬಂದ ಸಿದ್ದಮ್ಮನ ಎದುರಿಗೇ, ನಾನು ಆ ಒಂಬತ್ತು ಪುಟ ಓದಿದೆ. ಓದಿ ಮುಗಿದ ಮೇಲೆ ತಾತ ಕೋಲೂರಿಕೊಂಡು ಎದ್ದು ನಿಂತ.

“ನಿಮ್ಮಪ್ಪನ್ನ ಆವತ್ತೇ ಇಂಗೆ ಕರೀಬೇಕಾಗಿತ್ತು ಕಣವ್ವ. ಕರೀನಿಲ್ಲ. ಈಗ ಕರೀತಾ ಇವ್ನಿ, ಅವನೇ ಇಲ್ಲ.”

ಸಿದ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ಇದ್ದಿದ್ರೆ ಬತ್ತಿದ್ದ ಬುಡಿ ಗೌಡ್ರೆ,” ಅಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಹಾಲು ಅಳೆಸಿ ಹೋದರು. ತಾತ ಸಿದ್ದಮ್ಮನನ್ನು ಕೆರೆ ಏರಿಯ ಮೇಲೆ ತೂಬಿನವರೆಗೆ ಕರೆದುಕೊಂಡು ಹೋದ. ಇಬ್ಬರೂ ಅಲ್ಲಿ ಬಹಳ ಹೊತ್ತು ನಿಂತಿದ್ದರು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ.

ಪ್ರಬಂಧಕ್ಕೆ ಬಂದ ಅಂಕ ಸಾಧಾರಣ. ಪಟ್ಟಿಯಲ್ಲಿ ಹತ್ತು ಪುಸ್ತಕ ತುಂಬಿರಲಿಲ್ಲ, ಆರೇ ಇದ್ದವು. ಮೇಡಂ ಮಾತ್ರ ಒಂದು ಪ್ರತಿ ಕೇಳಿ ಇಸಕೊಂಡು, ಮುದ್ರೆ ಒತ್ತಿ, ನಂಬರು ಹಾಕಿ ಹಿಂದಿನ ಕೋಣೆಯಲ್ಲಿ ಇಟ್ಟರು. ರಂಗಸ್ವಾಮಿ ಅದನ್ನು ಎಲ್ಲಿ ಜೋಡಿಸಬೇಕೆಂದು ಅರ್ಧ ಗಂಟೆ ಯೋಚಿಸಿದರು.

ಮದ್ದೂರಿನಲ್ಲಿ ಮುಕ್ಕಾಲು ಗಂಟೆ ಕಳೆದು ಬಸ್ಸು ಬಂತು, ಹತ್ತಿದೆ. ಮಳವಳ್ಳಿಯಲ್ಲಿ ನಾನು ಪಿಯು ಕಾಲೇಜಿನ ಇತಿಹಾಸದ ಮೇಷ್ಟ್ರು. ನಮ್ಮ ಹಿಂದಿನ ಬೀದಿಯಲ್ಲೊಂದು ವೀರಗಲ್ಲಿದೆ, ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ಹನ್ನೆರಡು ವರ್ಷದಿಂದ ಅದರ ಪಕ್ಕದಲ್ಲೇ ಓಡಾಡುತ್ತಿದ್ದೇನೆ. ಅದು ಯಾರದ್ದೆಂದು ಮಕ್ಕಳು ಕೇಳಿದಾಗಲೆಲ್ಲ, “ಯಾರೋ ಒಬ್ಬ ವೀರ,” ಎಂದು ಗಂಭೀರವಾಗಿ ಹೇಳಿ ಮುಂದಿನ ಪಾಠಕ್ಕೆ ಹಾರಿದ್ದೇನೆ. ಗೊತ್ತಿಲ್ಲ ಅನ್ನುವುದು ಮೇಷ್ಟ್ರ ಬಾಯಿಂದ ಸುಲಭಕ್ಕೆ ಬರುವ ಮಾತಲ್ಲ ನೋಡಿ.

ಮೊನ್ನೆ ಶನಿವಾರ ಮಂಡ್ಯಕ್ಕೆ ಹೋಗಿ ಅದೇ ಲೈಬ್ರರಿಯ ಮೆಟ್ಟಿಲು ಹತ್ತಿದೆ. ಮೇಡಂ, ರಂಗಸ್ವಾಮಿ ಇಬ್ಬರೂ ನಿವೃತ್ತರಾಗಿದ್ದಾರೆ. ಮೇಜಿನ ಹಿಂದೆ, ಕಂಪ್ಯೂಟರಿನ ಪಕ್ಕದಲ್ಲಿ, ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನ ಒಬ್ಬಾಕೆ ಕೂತಿದ್ದರು. “ಏನು ಬೇಕಿತ್ತು ಸಾರ್?” ಅಂದರು. ಯಾವ ಪುಸ್ತಕವನ್ನೂ ಹೆಸರಿಸದೆ, ಕಲ್ಲಿನ ಫೋಟೊ ಇದ್ದ ಮೊಬೈಲನ್ನು ಅವರ ಕಡೆ ತಿರುಗಿಸಿ ಹೇಳಿದೆ: “ಇದು ಯಾರು ಅಂತ ನನಗೆ ಗೊತ್ತಿಲ್ಲಮ್ಮ. ಸ್ವಲ್ಪ ಸಹಾಯ ಮಾಡ್ತೀರಾ?”

ಆಕೆ ಪಕ್ಕದ ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ಎತ್ತಿ ನನಗೆ ಜಾಗ ಮಾಡಿಕೊಟ್ಟರು.